ಬಣ್ಣ ಕಾಣದ ಮಹಾಶಯರು

"ರೋಗಿಯ ಜನಾಂಗ ಯಾವುದೆಂದು ನಾನು ಕೇಳುವುದೇ ಇಲ್ಲ" ಎಂದು ಅಮೆರಿಕದ ಆಸ್ಪತ್ರೆಯ ಅಲ್ಗಾರಿದಮ್ ಮಹಾಶಯರು ಅಪ್ಪಣೆ ಕೊಡಿಸಿದರು. ನಿಜವೇ. ಆದರೆ ಯಾರಿಗೆ ಹೆಚ್ಚಿನ ಆರೈಕೆ ಬೇಕೆಂದು ತಾವು ತಿಳಿಯುವುದು ಹೇಗೆ, ಸ್ವಾಮಿ? "ಖರ್ಚು ನೋಡಿ. ಹೆಚ್ಚು ಖರ್ಚಾದವನೇ ಹೆಚ್ಚು ರೋಗಿ." ಹಾಗಾದರೆ ಕೆಲಸಕ್ಕೆ ರಜೆ ಸಿಗದೆ, ವೈದ್ಯರ ಮೇಲೆ ನಂಬಿಕೆ ಸಾಲದೆ ಆಸ್ಪತ್ರೆಯ ಮೆಟ್ಟಿಲು ಹತ್ತದವನು ಕಲ್ಲುಗುಂಡಿನಂಥ ಆಳು! 2019ರಲ್ಲಿ ಝಿಯಾದ್ ಓಬರ್‌ಮೈಯರ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಈ ಸಮದೃಷ್ಟಿಯ ಜಾತಕ ಬಿಚ್ಚಿದರು. ಮಹಾಶಯರಿಂದ ಒಂದೇ ಅಂಕ ಪಡೆದ ರೋಗಿಗಳಲ್ಲಿ ಕಪ್ಪು ಜನರ ಕಾಯಿಲೆ ಬಿಳಿಯರದಕ್ಕಿಂತ ಹೆಚ್ಚಿತ್ತು. ಈ ಓರೆ ತಿದ್ದಿದರೆ ಹೆಚ್ಚುವರಿ ನೆರವು ಪಡೆಯುವವರಲ್ಲಿ ಕಪ್ಪು ಜನರ ಪಾಲು ಶೇ. 17.7ರಿಂದ 46.5ಕ್ಕೆ ಏರುತ್ತಿತ್ತು.

"ತಪ್ಪು ನನ್ನದಲ್ಲ, ನನಗೆ ಉಣಿಸಿದ ಅಂಕಿಗಳದು." ಇರಬಹುದು. ಆದರೆ ಖರ್ಚನ್ನೇ ಕಾಯಿಲೆಯೆಂದು ಓದಿಕೊಳ್ಳಿ ಎಂದು ಆ ಅಂಕಿಗಳೇನೂ ಕೈಮುಗಿದು ಬೇಡಿರಲಿಲ್ಲ. ಆ ಆಯ್ಕೆ ಮನುಷ್ಯರದು (ಸಂಬಳ ಪಡೆಯುವ ಮನುಷ್ಯರದು). "ಹಾಗಾದರೆ ನನ್ನನ್ನು ಗುಜರಿಗೆ ಹಾಕುತ್ತೀರಾ?" ಛೆ, ಅಷ್ಟು ದೂರ ಬೇಡ. ಖರ್ಚಿನ ಜೊತೆಗೆ ಆರೋಗ್ಯವನ್ನೂ ಲೆಕ್ಕಕ್ಕೆ ತಂದಾಗ ಪಕ್ಷಪಾತ ಶೇ. 84ರಷ್ಟು ಇಳಿದದ್ದನ್ನು ಅದೇ ಅಧ್ಯಯನ ತೋರಿಸಿದೆ. ಮಹಾಶಯರು ಗಂಟಲು ಸರಿಪಡಿಸಿಕೊಂಡು ಕೇಳಿದರು: "ಅದಕ್ಕೆ ಖರ್ಚೆಷ್ಟು?"