ಜೀರ್ಣಮೇಣಾಪನಯನ ಮೀಮಾಂಸೆ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ನಿರೂಪಿಸತಕ್ಕದ್ದು ಎಂಬುದು ಹಿರಿಯರ ಕಟ್ಟಳೆ. ಕಾರಿನ ಡೀಟೇಲಿಂಗ್ ಶಾಸ್ತ್ರದಲ್ಲಿ ಎಲ್ಲರೂ ಇದನ್ನು ಬಿಟ್ಟು ನೇರವಾಗಿ ಬಕೆಟ್ಟಿಗೆ ಕೈ ಹಾಕಿದ್ದರಿಂದಲೇ ಇಷ್ಟೊಂದು ಮತಭೇದಗಳು ಹುಟ್ಟಿಕೊಂಡಿವೆ.

ವಿಷಯ: ಕಾರಿನ ಮೈಗೆ ಹಿಂದೆಂದೋ ಬಳಿದ ವ್ಯಾಕ್ಸನ್ನು ತೆಗೆಯುವುದು. ಪ್ರಯೋಜನ: ಮತ್ತೆ ಬಳಿಯುವುದು. ಇವೆರಡಕ್ಕೂ ಏನು ಸಂಬಂಧ ಎಂದು ಮನೆಯವರು ಕೇಳುವುದುಂಟು. ಕೇಳುವವರು ಈ ಶಾಸ್ತ್ರಕ್ಕೆ ಅಧಿಕಾರಿಗಳಲ್ಲ. ಅಧಿಕಾರಿಗೆ ಸ್ವಂತ ಕಾರು, ನೆರಳಿನ ಜಾಗ, ಬಿಡುವಿನ ಭಾನುವಾರ ಮತ್ತು ಜಲಯೋಗ ಈ ನಾಲ್ಕೂ ಕೂಡಿಬರಬೇಕು. ನಾಲ್ಕನೆಯದು ದುರ್ಲಭ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5,000 ರೂಪಾಯಿ ದಂಡವೆಂದು ಆದೇಶ ಹೊರಡಿಸಿದಾಗ ಎಷ್ಟೋ ಸಾಧಕರು ಧೂಳನ್ನೇ ವಿಭೂತಿಯೆಂದು ಭಾವಿಸಿ ಸುಮ್ಮನಾಗಬೇಕಾಯಿತು.

ದ್ರವ್ಯನಿರೂಪಣ ಪ್ರಕರಣ

ಬ್ರೆಜಿಲಿನ ಈಶಾನ್ಯದ ಒಣ ಸೀಮೆಯಲ್ಲಿ ಕಾರ್ನೌಬಾ ಎಂಬ ತಾಳೆಜಾತಿಯ ಮರವಿದೆ. ಬಿಸಿಲಿಗೆ ತನ್ನ ಪಸೆ ಆರಿಹೋಗದಿರಲೆಂದು ಅದು ಗರಿಗಳ ಮೇಲೆ ಮೇಣವನ್ನು ಹೊದ್ದುಕೊಳ್ಳುತ್ತದೆ. ಅಲ್ಲಿನ ಜನ ಗರಿ ಕಡಿದು, ಒಣಗಿಸಿ, ಬಡಿದು ಮೇಣ ಉದುರಿಸಿಕೊಳ್ಳುತ್ತಾರೆ. ಜೇನುಮೇಣ 62–64 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಶುದ್ಧ ಕಾರ್ನೌಬಾ 82–86 ಡಿಗ್ರಿಯವರೆಗೆ ಜಗ್ಗುವುದಿಲ್ಲ. ಒಳಗಿನ ನೀರು ಹೊರಹೋಗದಂತೆ ಮರ ಮಾಡಿಕೊಂಡ ಏರ್ಪಾಡನ್ನು, ಹೊರಗಿನ ನೀರು ನಿಲ್ಲದಿರಲೆಂದು ನಾವು ಬಾನೆಟ್ಟಿಗೆ ತಿಕ್ಕುತ್ತೇವೆ. ಈ ವಿಷಯದಲ್ಲಿ ಮರದ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ.

ಮೇಣಕ್ಕೆ ಆಧಾರವಾದದ್ದು ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ. ದಪ್ಪ ಸುಮಾರು 40–50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಗೃಹಸ್ಥನ ಮಾನ, ಬ್ಯಾಂಕಿನ ಸಾಲ, ನೆರೆಯವರ ಹೊಟ್ಟೆಕಿಚ್ಚು ಮೂರೂ ನಿಂತಿರುವುದು ಇದರ ಮೇಲೆಯೇ.

ಪ್ರಮಾಣ ಪ್ರಕರಣ

ಹಳೇ ಮೇಣ ಇದೆ ಎಂಬುದಕ್ಕೆ ಪ್ರಮಾಣವೇನು? ನೀರು ಮುತ್ತುಗಟ್ಟಿದರೆ ಇದೆ, ಹಾಳೆಯಂತೆ ಹರಡಿದರೆ ಇಲ್ಲ ಎನ್ನುವರು ಪ್ರತ್ಯಕ್ಷವಾದಿಗಳು. ಹನಿಯು ಮೇಲ್ಮೈಯೊಂದಿಗೆ ಮಾಡುವ ಸ್ಪರ್ಶಕೋನದ ವಿಚಾರವನ್ನು ಥಾಮಸ್ ಯಂಗ್ 1805ರಲ್ಲೇ ಮಂಡಿಸಿದ್ದ. ಕೋನ 90 ಡಿಗ್ರಿ ಮೀರಿದರೆ ಆ ಮೇಲ್ಮೈಗೆ ನೀರು ಆಗದು ಎಂದರ್ಥ.

ಪ್ರತ್ಯಕ್ಷವಾದಿಗಳ ಈ ಪ್ರಮಾಣ ಸಾಧುವಲ್ಲ. ಮೇಣದ ಮೇಲೆ ಕೊಳೆ ಕೂತರೆ ಮೇಣವಿದ್ದೂ ನೀರು ಹರಡುತ್ತದೆ. ಸೋಪಿನ ಪಸೆ ಉಳಿದರೂ ಹರಡುತ್ತದೆ. ಚೆನ್ನಾಗಿ ಜಾಲಿಸಿದರೆ, ಹೋಯಿತೆಂದು ನಾವು ಶ್ರಾದ್ಧ ಮಾಡಿದ ಮೇಣ ಎದ್ದು ಬಂದು ಮತ್ತೆ ಮುತ್ತು ಕಟ್ಟುತ್ತದೆ. ಪಾಲಿಶಿನ ಎಣ್ಣೆ ಉಳಿದರೆ ಮೇಣವಿಲ್ಲದೆಯೂ ಮುತ್ತು. ಹೀಗೆ ಪ್ರತ್ಯಕ್ಷವು ಎರಡೂ ಕಡೆ ಸುಳ್ಳು ಸಾಕ್ಷಿ ಹೇಳುವುದರಿಂದ ಅಗ್ರಾಹ್ಯ. ಇನ್ನುಳಿದದ್ದು ಶಬ್ದಪ್ರಮಾಣ, ಅರ್ಥಾತ್ ಡಬ್ಬಿಯ ಮೇಲೆ ಅಚ್ಚಾದದ್ದು. ಅದು ಅಪೌರುಷೇಯ, ಬರೆದವರು ಯಾರೆಂದು ಹುಡುಕಿದರೂ ಸಿಕ್ಕುವುದಿಲ್ಲ.

ಪೂರ್ವಪಕ್ಷ ಪ್ರಕರಣ

ಮೊದಲನೆಯವರು ಪಾತ್ರೆಸೋಪುವಾದಿಗಳು. ಬಾಣಲೆಯ ಜಿಡ್ಡು ಬಿಡಿಸುವ ಲಿಕ್ವಿಡ್ ಬಾನೆಟ್ಟಿನ ಮೇಣವನ್ನು ಬಿಡಿಸದೆ ಇದ್ದೀತೇ ಎಂಬುದು ಇವರ ವಾದ. ಬಿಡಿಸೀತು, ಸ್ವಲ್ಪ. ಸವೆದ ಮೇಣ ಹೋಗುತ್ತದೆ. ಗಟ್ಟಿ ಕೂತದ್ದು ಒಂದು ತೊಳೆತಕ್ಕೆ ಹೋಗುವುದಿಲ್ಲ. ಹೋದದ್ದು ಖಚಿತವಾಗಿ ಅಡುಗೆಮನೆಯ ಬಾಟಲಿ ಮಾತ್ರ; ಅದರ ವಿಚಾರಣೆ ಸಂಜೆ ನಡೆಯುತ್ತದೆ.

ಎರಡನೆಯವರು ಮದ್ಯಸಾರವಾದಿಗಳು. ಐಸೋಪ್ರೊಪೈಲ್ ಆಲ್ಕೋಹಾಲಿಗೆ ನೀರು ಬೆರೆಸಿ, ಮೈಕ್ರೋಫೈಬರ್ ಬಟ್ಟೆಯಿಂದ ಒರೆಸುವುದು ಇವರ ಆಚಾರ. ಪಾಲಿಶಿನ ಎಣ್ಣೆಗೆ ಇದು ಸಲ್ಲುತ್ತದೆ. ದಪ್ಪ ಮೇಣದ ಮುಂದೆ ಇದರ ಆಟ ನಡೆಯದು. ನೀರು ಬೆರೆಸದೆ ಬಳಸುವ ತೀವ್ರವಾದಿಗಳೂ ಇದ್ದಾರೆ. ಹೊಸ ಪೇಂಟು ಮೆತ್ತಗಾಗುವ ಭಯವಿರುವುದರಿಂದ ಅವರೊಂದಿಗೆ ಪಂಕ್ತಿಭೋಜನ ನಿಷಿದ್ಧ.

ಮೂರನೆಯವರು ಜೇಡಿವಾದಿಗಳು. ಕ್ಲೇ ಬಾರ್ ಎಂಬ ಮುದ್ದೆಯನ್ನು ಜಾರುದ್ರವದೊಂದಿಗೆ ಪೇಂಟಿನ ಮೇಲೆ ಆಡಿಸಿ, ಬ್ರೇಕಿನ ಕಬ್ಬಿಣದ ಪುಡಿ, ಮರದ ಅಂಟು, ಡಾಂಬರಿನ ಚುಕ್ಕೆ ಎಲ್ಲವನ್ನೂ ಕೀಳುತ್ತಾರೆ. ಜೊತೆಗೆ ಮೇಣವೂ ಬಹುಪಾಲು ಬರುತ್ತದೆ, ಸಣ್ಣ ಗೀರುಗಳೂ ಬೀಳುತ್ತವೆ. ಮುದ್ದೆ ನೆಲಕ್ಕೆ ಬಿದ್ದರೆ ಎಸೆಯಬೇಕು. ತೊಳೆದು ಬಳಸಿದರೆ ಅದಕ್ಕಂಟಿದ ಮರಳು ಕಾರಿನ ಮೇಲೆ ತನ್ನ ಚರಿತ್ರೆಯನ್ನು ಕೊರೆಯುತ್ತದೆ. ಮುದ್ದೆಯ ಬೆಲೆ ನೆನೆದು ಪ್ರಾಯಶ್ಚಿತ್ತವಿಧಿ ಇದೆಯೇ ಎಂದು ಹುಡುಕುವವರಿದ್ದಾರೆ. ಇಲ್ಲ.

ಸಿದ್ಧಾಂತ ಪ್ರಕರಣ

ಮೇಣದ ಮೇಲೆ ಅದೇ ಮೇಣ ಬಳಿಯುವವನು ಹಳೆಯದನ್ನು ತೆಗೆಯಬೇಕಾಗಿಲ್ಲ. ಚೆನ್ನಾಗಿ ತೊಳೆದರೆ ಸಾಕು. ಹೊಸ ಮೇಣದಲ್ಲಿರುವ ದ್ರಾವಕವೇ ಹಳೆಯದನ್ನು ಕೊಂಚ ಕರಗಿಸಿ ಕೂಡಿಸಿಕೊಳ್ಳುತ್ತದೆ. ಮೆಷಿನ್ ಪಾಲಿಶ್ ಮಾಡಿಸುವವನೂ ತೆಗೆಯಬೇಕಾಗಿಲ್ಲ. ಪಾಲಿಶಿನ ಹುಡಿ ಕ್ಲಿಯರ್ ಕೋಟಿನ ಮೇಲ್ಪದರವನ್ನೇ ತುಸು ಸವೆಸುವಾಗ ಅದರ ಮೇಲಿದ್ದ ಮೇಣ ಎಲ್ಲಿ ಉಳಿದೀತು? ಸೆರಾಮಿಕ್ ಕೋಟಿಂಗ್ ಮಾಡಿಸುವವನು ತೆಗೆಯಲೇಬೇಕು, ಏಕೆಂದರೆ ಅದು ಬರಿಯ ಪೇಂಟಿಗಲ್ಲದೆ ಬೇರಾವುದಕ್ಕೂ ಸರಿಯಾಗಿ ಅಂಟದು. ಆದರೆ ಅದಕ್ಕೂ ಮುನ್ನ ಪಾಲಿಶ್ ವಿಹಿತವಾದ್ದರಿಂದ ಅವನಿಗೂ ಬೇರೆ ಅಪನಯನ ಬೇಕಿಲ್ಲ. ಕೊನೆಗೆ ಎಣ್ಣೆ ಒರೆಸಿದರಾಯಿತು.

ಹೀಗೆ ಎಲ್ಲ ಕಡೆಯಿಂದ ಪರಾಮರ್ಶಿಸಲಾಗಿ, ಅಪನಯನಕ್ಕೆಂದೇ ಹೊರಟ ಈ ಶಾಸ್ತ್ರವು ಮೊದಲು ಅಪನಯನ ಮಾಡಿದ್ದು ತನ್ನ ವಿಷಯವನ್ನೇ. ಪಾಲಿಶೂ ಮಾಡಿಸದೆ, ಮೇಣದ ಬದಲು ಸೀಲೆಂಟ್ ಎಂಬ ಕೃತಕ ಲೇಪ ಬಳಿಯುವ ಮಧ್ಯಮವರ್ಗದ ಸಾಧಕನೊಬ್ಬನಿಗೆ ಮಾತ್ರ ಇದು ಅನ್ವಯಿಸುತ್ತದೆ. ಅವನು ನೆರಳಿನಲ್ಲಿ, ಲೋಹ ತಣ್ಣಗಿರುವಾಗ ತೊಳೆದು, ಜೇಡಿ ಆಡಿಸಿ, ಮದ್ಯಸಾರದಿಂದ ಒರೆಸತಕ್ಕದ್ದು. ಕೊಳವೆಬಾವಿಯ ಗಡಸು ನೀರಾದರೆ ಮೈಮೇಲೆ ಆರಲು ಬಿಡಬಾರದು. ಮೇಣ ಹೋದ ಜಾಗಕ್ಕೆ ಸುಣ್ಣದ ಚುಕ್ಕೆ ಬರುತ್ತದೆ, ಅದನ್ನು ಕಳೆಯಲು ಇನ್ನೊಂದು ಶಾಸ್ತ್ರ ಬರೆಯಬೇಕಾಗುತ್ತದೆ.

ಫಲಶ್ರುತಿ

ಇದನ್ನು ಓದಿದವರಿಗೆ ಒಂದು ಡಬ್ಬಿಯ ಹಣ ಉಳಿಯುವುದು. ಕೇಳಿದವರಿಗೆ ಒಂದು ಭಾನುವಾರ ಉಳಿಯುವುದು. ಆಚರಿಸಿದವರಿಗೆ ಸೊಂಟನೋವು ನಿಶ್ಚಯ, ಅದೇ ಸಂಜೆ ಮಳೆಯೂ ನಿಶ್ಚಯ. ಕಾರು ಮಾರಿ ಬಸ್ ಪಾಸ್ ಮಾಡಿಸಿದವರು ಜೀವನ್ಮುಕ್ತರೆಂದು ತಿಳಿಯತಕ್ಕದ್ದು.