ಅಧ್ಯಕ್ಷರ ಮಗನೇ ಸೆಂಟರ್ ಫಾರ್ವರ್ಡ್

ಚೆನ್ನೈಯಲ್ಲಿ ನೆಲೆಸಿದ ಕನ್ನಡ ಕುಟುಂಬ ಮಗುವನ್ನು ಫುಟ್‌ಬಾಲಿಗೆ ಸೇರಿಸುವುದು ಆ ಆಟದ ಮೇಲಿನ ಪ್ರೀತಿಯಿಂದಲ್ಲ, ಬೇರೆ ಬಾಗಿಲುಗಳೆಲ್ಲ ಮುಚ್ಚಿರುವುದರಿಂದ. ಸಂಗೀತಕ್ಕೆ ಹಾಕೋಣವೆಂದರೆ ಮೈಲಾಪುರದ ಮಕ್ಕಳು ಹಾಲುಹಲ್ಲು ಬೀಳುವ ಮೊದಲೇ ವರ್ಣ ಮುಗಿಸಿ ಕೃತಿಗೆ ಬಂದಿರುತ್ತಾರೆ. ಚೆಸ್ಸಿಗೆ ಹಾಕೋಣವೆಂದರೆ ಇದು ಆನಂದ್, ಪ್ರಜ್ಞಾನಂದ, ಗುಕೇಶರ ಊರು. ಎದುರಿಗೆ ಕೂತ ಏಳು ವರ್ಷದ ಹುಡುಗಿ ಹದಿನೈದು ನಡೆಯೊಳಗೆ ನಮ್ಮವನ ಕೈ ಕುಲುಕಿ ಎದ್ದು ಹೋಗುತ್ತಾಳೆ. ಕ್ರಿಕೆಟ್ಟಿಗೆ ಹಾಕಿದರೆ ಕಿಟ್ಟಿನ ಖರ್ಚಿಗೇ ಸಾಲ ಮಾಡಬೇಕು. ಉಳಿದದ್ದು ಫುಟ್‌ಬಾಲ್. ಒಂದು ಜೊತೆ ಬೂಟು ಸಾಕು, ಹತ್ತು ಜನರ ಗದ್ದಲದಲ್ಲಿ ನಮ್ಮವನ ತಪ್ಪು ಎದ್ದು ಕಾಣುವುದೂ ಇಲ್ಲ, ಸಂಜೆ ಸುಸ್ತಾಗಿ ಬಂದವನು ಮೊಬೈಲು ಕೇಳದೆ ಮೊಸರನ್ನ ಉಂಡು ಮಲಗುತ್ತಾನೆಂದು ಅಜ್ಜಿಯ ಅನುಮೋದನೆಯೂ ಸಿಗುತ್ತದೆ. ಆದರೆ ಸೇರಿಸಿ ಆರು ತಿಂಗಳಾಗುವಷ್ಟರಲ್ಲಿ ಒಂದು ವಿಷಯ ತಿಳಿಯುತ್ತದೆ: ಮಗು ಸೇರಿದ್ದು ತಂಡಕ್ಕೆ, ಅಪ್ಪ ಸೇರಿದ್ದು ಬಣಕ್ಕೆ.

ಮಕ್ಕಳ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ನಡೆಯುವ ಅಧ್ಯಕ್ಷಗಿರಿಯ ಜಗಳಗಳಿಗೆ ಜನ ಸಾಮಾನ್ಯವಾಗಿ ಕೊಡುವ ಕಾರಣ ಅಹಂಕಾರ. ಅದು ಸೋಮಾರಿ ಕಾರಣ. ಅಹಂಕಾರ ಅಪಾರ್ಟ್‌ಮೆಂಟ್ ಸಂಘದಲ್ಲೂ ಇದೆ, ರಾಮನವಮಿ ಸಮಿತಿಯಲ್ಲೂ ಇದೆ. ಅಲ್ಲೆಲ್ಲ ಪಾನಕದ ಹೊತ್ತಿಗೆ ಜಗಳ ತಣ್ಣಗಾಗುತ್ತದೆ. ಇಲ್ಲಿ ತಣ್ಣಗಾಗದಿರುವುದಕ್ಕೆ ನನ್ನ ಪ್ರಕಾರ ಕಾರಣ ಒಂದು ಲೆಕ್ಕ. ಹದಿಮೂರರ ಒಳಗಿನವರ ತಂಡದಲ್ಲಿ ಒಂದು ಮಗು ಇರುವುದು ಹೆಚ್ಚೆಂದರೆ ಎರಡು ವರ್ಷ. ಒಂಬತ್ತನೇ ತರಗತಿ ದಾಟಿತೋ, ಟ್ಯೂಷನ್ನು, ಜೆಇಇ ಕೋಚಿಂಗು, ಬೂಟು ಅಟ್ಟಕ್ಕೆ. ಮಗುವಿನ ಜೊತೆ ಅದರ ಅಪ್ಪ ಅಮ್ಮನ ಮತವೂ ಅಟ್ಟ ಸೇರುತ್ತದೆ. ಕ್ಲಬ್ಬುಗಳು ಸಂಘವಾಗಿ ನೋಂದಣಿಯಾಗುವ 1975ರ ತಮಿಳುನಾಡು ಸಂಘಗಳ ನೋಂದಣಿ ಕಾಯಿದೆ ಸಮಿತಿಯ ಅವಧಿ ಮೂರು ವರ್ಷ ಮೀರಬಾರದು ಎನ್ನುತ್ತದೆ, ಮತ್ತೆ ಆರಿಸಿ ಬರುವುದಕ್ಕೆ ಅಡ್ಡಿ ಮಾಡುವುದಿಲ್ಲ. ಅಂದರೆ ಮತದಾರ ಬೈಲಾ ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಅವನ ಮಗುವಿಗೆ ಮೀಸೆ ಚಿಗುರಿರುತ್ತದೆ. ಅಧ್ಯಕ್ಷರ ಮಗ ಓದು ಮುಗಿಸಿ ಸಿಯಾಟಲ್‌ನಲ್ಲಿ ಮನೆ ಕೊಂಡಿದ್ದರೂ ಅಧ್ಯಕ್ಷರು ಮಾತ್ರ ಕುತ್ತಿಗೆಯಲ್ಲಿ ಸೀಟಿ ನೇತುಹಾಕಿಕೊಂಡು ಮೈದಾನದಲ್ಲೇ ಇರುತ್ತಾರೆ. ಮತದಾರರು ಹೊಳೆಯ ನೀರು, ಪದಾಧಿಕಾರಿಗಳು ಹೊಳೆಯ ಬಂಡೆ.

ಇದು ಪುಟ್ಟ ಕ್ಲಬ್ಬುಗಳ ಕಾಯಿಲೆ ಎಂದು ತಳ್ಳಿಹಾಕುವವರು ಮೇಲಕ್ಕೆ ನೋಡಬೇಕು. ಫಿಫಾದ ಕುರ್ಚಿಯಲ್ಲಿ ಹ್ಯಾವೆಲಾಂಜ್ 1974ರಿಂದ 1998ರವರೆಗೆ ಕೂತರು, 24 ವರ್ಷ. ಅವರ ನಂತರ ಬ್ಲಾಟರ್ 17 ವರ್ಷ. ನಮ್ಮ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನಲ್ಲಿ ಪ್ರಿಯರಂಜನ್ ದಾಸ್‌ಮುನ್ಷಿ ಸುಮಾರು 20 ವರ್ಷ ಇದ್ದರು, ಅವರ ಬಳಿಕ ಪ್ರಫುಲ್ ಪಟೇಲ್. ಪಟೇಲರ ಅವಧಿ 2020ರ ಡಿಸೆಂಬರಿಗೆ ಮುಗಿಯಿತು, ಚುನಾವಣೆ ಮಾತ್ರ ಬರಲಿಲ್ಲ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಅವರನ್ನು ಇಳಿಸಿ ಆಡಳಿತಗಾರರ ಸಮಿತಿಯನ್ನು ಕೂರಿಸಿತು. ಹೊರಗಿನವರು ಕೈಹಾಕಿದರೆಂದು ಫಿಫಾ ಅದೇ ಆಗಸ್ಟ್ 15ರಂದು, ಬೇರೆ ದಿನ ಸಿಗಲಿಲ್ಲವೇನೋ, ಭಾರತವನ್ನು ಅಮಾನತು ಮಾಡಿತು. ಹನ್ನೊಂದು ದಿನಕ್ಕೆ ಅಮಾನತು ತೆರವಾಯಿತು. ಸೆಪ್ಟೆಂಬರ್ 2ರ ಚುನಾವಣೆಯಲ್ಲಿ ಮಾಜಿ ಗೋಲ್‌ಕೀಪರ್ ಕಲ್ಯಾಣ್ ಚೌಬೆ ಎದುರು ದೇಶದ ಹೆಸರಾಂತ ಸ್ಟ್ರೈಕರ್ ಬೈಚುಂಗ್ ಭುಟಿಯಾ ನಿಂತರು. ಅಂತಿಮ ಸ್ಕೋರು 33-1. ಜೀವಮಾನವಿಡೀ ಗೋಲು ಹೊಡೆದವರಿಗೆ ಸಿಕ್ಕಿದ್ದು ಒಂದು. ಅದೇ ಚುನಾವಣೆಯಲ್ಲಿ ಬೆಂಗಳೂರು ಶಾಂತಿನಗರದ ಶಾಸಕ ಎನ್.ಎ. ಹ್ಯಾರಿಸ್ ಉಪಾಧ್ಯಕ್ಷರಾದರು. ಕರ್ನಾಟಕದ ಪಾಲಿಗೆ ಈ 'ಉಪ' ಹೇಗೋ ತಾನೇ ಹುಡುಕಿಕೊಂಡು ಬರುತ್ತದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ದೊಡ್ಡವರ ಈ ಪಂದ್ಯಕ್ಕೆ ದಂಡ ಕಟ್ಟಿದವರು ಯಾರು ಎಂಬುದು ನೋಡತಕ್ಕ ಸಂಗತಿ. ಅಮಾನತಿನ ಸುದ್ದಿ ಬಂದಾಗ ಗೋಕುಲಂ ಕೇರಳದ ಮಹಿಳಾ ತಂಡ ಏಷ್ಯಾದ ಕ್ಲಬ್ ಟೂರ್ನಿ ಆಡಲು ತಾಷ್ಕೆಂಟಿನಲ್ಲಿ ಇಳಿದಾಗಿತ್ತು. ಆಡದೆಯೇ ವಾಪಸು ಬಂದರು. ಅಕ್ಟೋಬರಿನಲ್ಲಿ ಭಾರತದಲ್ಲೇ ನಡೆಯಬೇಕಿದ್ದ ಹದಿನೇಳರ ಒಳಗಿನ ಹುಡುಗಿಯರ ವಿಶ್ವಕಪ್ ಕೈತಪ್ಪುವ ಅಂಚಿಗೆ ಬಂದಿತ್ತು. ಉಳಿಯಿತು ಅನ್ನಿ, ಭುವನೇಶ್ವರದಲ್ಲಿ ನಮ್ಮ ಹುಡುಗಿಯರು ಅಮೆರಿಕಕ್ಕೆ 8, ಮೊರಾಕ್ಕೊಗೆ 3, ಬ್ರೆಜಿಲ್‌ಗೆ 5 ಗೋಲು ಬಿಟ್ಟುಕೊಟ್ಟು ಮನೆಗೆ ಹೋದರು. ಅದಕ್ಕೆಲ್ಲ ದೆಹಲಿಯ ಕುರ್ಚಿಯೇ ಕಾರಣ ಎಂದರೆ ಅತಿಯಾಗುತ್ತದೆ. ಆದರೆ ವಿಶ್ವಕಪ್ಪಿಗೆ ಎರಡು ತಿಂಗಳಿರುವಾಗ ಅಧ್ಯಕ್ಷರು ಯಾರೆಂಬುದೇ ತಿಳಿಯದ ಮನೆಯಲ್ಲಿ ಮಕ್ಕಳ ತಯಾರಿ ನೆಟ್ಟಗಾಗುತ್ತದೆ ಎಂದು ವಾದಿಸುವುದೂ ಕಷ್ಟ. ಪುಟ್ಟ ಕ್ಲಬ್ಬಿನಲ್ಲೂ ಇದೇ ಕತೆ, ಅಂಕಿ ಮಾತ್ರ ಚಿಕ್ಕದು. ಎರಡು ಬಣಗಳೂ ತಾವೇ ಅಸಲಿ ಸಮಿತಿಯೆಂದು ಬ್ಯಾಂಕಿಗೆ ಪತ್ರ ಬರೆದ ದಿನ ಮ್ಯಾನೇಜರು ಖಾತೆಗೆ ತಡೆ ಹಾಕುತ್ತಾರೆ. ಖಾತೆ ನಿಂತರೆ ಚೆಂಡಿಗೆ ಹಣವಿಲ್ಲ, ರೆಫರಿಗೆ ಭತ್ಯೆಯಿಲ್ಲ. ವ್ಯಾಸರ್ಪಾಡಿಯಿಂದಲೋ ಐಸಿಎಫ್ ಕಾಲನಿಯಿಂದಲೋ ಎರಡು ಬಸ್ಸು ಬದಲಿಸಿ ಬರುವ ಕೋಚ್ ಹುಡುಗನಿಗೆ ಸಂಬಳವಿಲ್ಲ. ವ್ಯಾಸರ್ಪಾಡಿ ಅಂದರೆ ಈಸ್ಟ್ ಬೆಂಗಾಲಿಗೆ ಆಡಿದ ನಂದಕುಮಾರ್ ಶೇಖರನ ಊರು. ಅಲ್ಲಿಯ ಹುಡುಗರಿಗೆ ಆಟ ಚೆನ್ನಾಗಿ ಗೊತ್ತು. ನಮ್ಮ ಬೈಲಾ ಗೊತ್ತಿಲ್ಲ, ಅಷ್ಟೆ.

ಈಗ ಕನ್ನಡದವರ ವಿಷಯ. ಚೆನ್ನೈನ ಯಾವುದೇ ಕಲಬೆರಕೆ ಸಮಿತಿಯಲ್ಲಿ ಕನ್ನಡದವರಿಗೆ ಕಾದಿಟ್ಟ ಹುದ್ದೆ ಖಜಾಂಚಿಯದು. ಉಡುಪಿಯಿಂದ ಬಂದು ಈ ಊರಿಗೆ ವುಡ್‌ಲ್ಯಾಂಡ್ಸ್, ದಾಸಪ್ರಕಾಶಗಳನ್ನು ಕಟ್ಟಿಕೊಟ್ಟವರ ಪುಣ್ಯಫಲ ಇದು: ಕನ್ನಡದವರು ಸಾಧುಗಳು, ಲೆಕ್ಕ ಸರಿಯಾಗಿಡುತ್ತಾರೆ, ಕಾಫಿಯನ್ನೂ ಒಳ್ಳೆಯದೇ ಕೊಡುತ್ತಾರೆ ಎಂಬ ನಂಬಿಕೆ. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕನ್ನಡದವನ ಬೆನ್ನಿಗೆ ಬಣ ಕಟ್ಟುವಷ್ಟು ಜನರಿಲ್ಲ, ಆದ್ದರಿಂದ ಅವನಿಂದ ಯಾರಿಗೂ ಭಯವಿಲ್ಲ. ಹೀಗೆ ಖಜಾಂಚಿಯಾದವನು ಮೈದಾನದ ಸಮಯ ಹಂಚುವ ಸಭೆಯಲ್ಲಿ ಮಾತ್ರ ತುಟಿ ಬಿಚ್ಚುವಂತಿಲ್ಲ. 'ಹಂಚಿಕೆ' ಎಂಬ ಮಾತು ಅವನ ಬಾಯಿಂದ ಬಿದ್ದರೆ ಇಡೀ ಸಭೆಗೆ ಮೆಟ್ಟೂರು ಅಣೆಕಟ್ಟು ನೆನಪಾಗುತ್ತದೆ. ತಮಿಳುನಾಡಿಗೆ 177.25 ಟಿಎಂಸಿ ಅಡಿ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಬರೆದಾದರೂ ಕೊಟ್ಟಿತು. ಬಿಸಿಲೇರುವ ಮೊದಲಿನ ಆರರಿಂದ ಏಳು ಗಂಟೆಯ ಟರ್ಫು ಯಾರದ್ದೆಂದು ಹೇಳುವ ನ್ಯಾಯಮಂಡಳಿ ಇನ್ನೂ ಹುಟ್ಟಿಲ್ಲ, ಸಂಕಷ್ಟ ಸೂತ್ರವಂತೂ ದೂರದ ಮಾತು. ಮನೆಯೊಳಗೂ ಅವನಿಗೆ ಬಹುಮತವಿಲ್ಲ. ಅದೇ 2018ರ ಮಾರ್ಚಿನಲ್ಲಿ ಚೆನ್ನೈಯಿನ್ ತಂಡ ಬೆಂಗಳೂರಿನ ಕಂಠೀರವದಲ್ಲೇ ಬೆಂಗಳೂರು ಎಫ್‌ಸಿಯನ್ನು 3-2ರಿಂದ ಸೋಲಿಸಿ ಐಎಸ್‌ಎಲ್ ಕಪ್ ಎತ್ತಿದಾಗ ಚೆನ್ನೈನ ಎಷ್ಟು ಕನ್ನಡ ಮನೆಗಳಲ್ಲಿ ಮಗ ಕುಣಿದ, ಅಪ್ಪ ಟಿವಿ ಆರಿಸಿದ ಎಂಬುದನ್ನು ಊಹಿಸಬಹುದು. ಮೈದಾನದಂಚಿನಲ್ಲಿ ನಿಂತು ಎದುರಾಳಿಗೆ ತಿಳಿಯದಿರಲೆಂದು "ಎಡಗಡೆ ಹೋಗೋ, ಆ ಉದ್ದದವನನ್ನ ಹಿಡ್ಕೊಳೋ" ಎಂದು ಕೂಗುವ ಅನುಕೂಲವೊಂದು ಕನ್ನಡದ ಅಪ್ಪನಿಗಿದೆ. ಆ ಗುಟ್ಟು ಕೋಚಿಗೂ ತಿಳಿಯುವುದಿಲ್ಲ, ಅನೇಕ ಸಲ ಚೆನ್ನೈಯಲ್ಲೇ ಹುಟ್ಟಿ ಬೆಳೆದ ಮಗನಿಗೂ ತಿಳಿಯುವುದಿಲ್ಲ. ಆದರೂ ಬಣವಿಲ್ಲದ ಈ ಮನುಷ್ಯನ ಜಾಗದಿಂದ ನೋಡಿದರೇ ಜಗಳದ ಬೇರು ಸ್ಪಷ್ಟ ಕಾಣುತ್ತದೆ. ಎಲ್ಲರ ರಸೀದಿಯೂ ಅವನ ಕಡತದಲ್ಲಿರುತ್ತದೆ. ಯಾರು ಯಾವಾಗ ಸಿಟ್ಟಾದರೆಂಬ ದಾಖಲೆಯೂ ಅಲ್ಲೇ ಇರುತ್ತದೆ.

ಆ ಕಡತವನ್ನು ಬಿಡಿಸಿದರೆ ಕಾಣುವುದಿಷ್ಟು. ಬೈಲಾ ತಿದ್ದುಪಡಿ, ಲೆಕ್ಕಪರಿಶೋಧನೆ, ಜೆರ್ಸಿಯ ಬಣ್ಣ, ಪ್ರಾಯೋಜಕರ ಹೆಸರು ಎದೆಗೋ ಬೆನ್ನಿಗೋ ಎಂಬ ವಿವಾದಗಳೆಲ್ಲ ಮೇಲ್ನೋಟದವು. ಎಲ್ಲದರ ತಳದಲ್ಲಿ ಇರುವುದು ಶನಿವಾರ ರಾತ್ರಿ ವಾಟ್ಸಾಪಿಗೆ ಬೀಳುವ ಹನ್ನೊಂದು ಹೆಸರುಗಳ ಪಟ್ಟಿ. ವಯಸ್ಸಿನ ದೂರು ಬರುವುದೂ ಆ ಪಟ್ಟಿಯಿಂದಲೇ. ವರ್ಷದ ಗಡಿ ಜನವರಿ 1 ಆಗಿರುವಲ್ಲಿ ಜನವರಿಯ ಮಗುವಿಗೂ ಡಿಸೆಂಬರಿನ ಮಗುವಿಗೂ ಹೆಚ್ಚುಕಡಿಮೆ ಒಂದು ವರ್ಷದ ಎಲುಬು ವ್ಯತ್ಯಾಸ. ಅದರ ಮೇಲೆ ಹುಟ್ಟಿದ ತಾರೀಖನ್ನೇ ಮುಂದಕ್ಕೆ ತಳ್ಳಿದ ದಾಖಲೆಗಳು. ಫಿಫಾ 2009ರಿಂದ ಹದಿನೇಳರ ಒಳಗಿನವರ ವಿಶ್ವಕಪ್ಪಿಗೆ ಮಣಿಕಟ್ಟಿನ ಎಂಆರ್‌ಐ ತೆಗೆಸುತ್ತಿರುವುದು ಸುಮ್ಮನೆ ಅಲ್ಲ. ಕನ್ನಡದ ಮನೆಯಲ್ಲಿ ಆ ಚಮತ್ಕಾರ ನಡೆಯುವುದಿಲ್ಲ, ಮಗು ಹುಟ್ಟಿದ ಗಳಿಗೆ, ನಕ್ಷತ್ರ, ಪಾದಗಳೆಲ್ಲ ಅಜ್ಜಿಯ ನಾಲಿಗೆಯ ಮೇಲಿವೆ. ಪಟ್ಟಿಯ ಅಧಿಕಾರ ಯಾರ ಕೈಲಿದೆ ಎಂಬುದೇ ಕ್ಲಬ್ಬಿನ ರಾಜಕೀಯ. ಸದ್ಯಕ್ಕೆ ಅದು ಇಬ್ಬರ ಕೈಯಲ್ಲಿ ಸಿಕ್ಕಿದೆ. ಒಬ್ಬರು, ತಮ್ಮ ಮಗುವೇ ಇಲ್ಲದ ಪಟ್ಟಿಯನ್ನು ಆಳುವ ಬಂಡೆ ಅಧ್ಯಕ್ಷರು. ಇನ್ನೊಬ್ಬರು, ಸ್ವಂತ ಮಗನನ್ನೇ ಸೆಂಟರ್ ಫಾರ್ವರ್ಡ್ ಮಾಡಿದ ಅಧ್ಯಕ್ಷರು. ಮೊದಲನೆಯವರಿಗೆ ಕಳೆದುಕೊಳ್ಳುವುದು ಏನೂ ಇಲ್ಲ. ಎರಡನೆಯವರಿಗೆ ಮಗ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹಾಗಾಗಿ ನನ್ನ ಪ್ರಸ್ತಾವ: ಅಧ್ಯಕ್ಷ ಪದವಿಯನ್ನು ಬೆಂಚಿನ ಮೇಲೆ ಕೂತ ಮಗುವಿನ ಅಪ್ಪನಿಗೋ ಅಮ್ಮನಿಗೋ ಮೀಸಲಿಡಬೇಕು.

ಅವರಿಗೆ ಆಟ ಗೊತ್ತಿರುವುದಿಲ್ಲವಲ್ಲ ಎಂಬ ಆಕ್ಷೇಪ ಮೊದಲು ಬರುತ್ತದೆ. ನಿಜ ಬೇರೆಯೇ ಇದೆ. ಸೆಂಟರ್ ಫಾರ್ವರ್ಡ್‌ನ ಅಪ್ಪ ಪಂದ್ಯ ನೋಡುವುದಿಲ್ಲ, ಮಗನನ್ನು ನೋಡುತ್ತಾನೆ. ಬೆಂಚಿನ ಮಗುವಿನ ಅಮ್ಮನಿಗೆ ನೋಡಲು ಮಗುವಿನ ಆಟವೇ ಇಲ್ಲ. ಪಾಪ, ಪೂರ್ತಿ ಪಂದ್ಯವನ್ನೇ ನೋಡಬೇಕಾಗುತ್ತದೆ. ಯಾವ ಹುಡುಗ ಏದುಸಿರು ಬಿಡುತ್ತ ನಿಂತಿದ್ದಾನೆ, ಯಾರನ್ನು ಕೂಡಿಸಿ ಯಾರನ್ನು ಇಳಿಸಬಹುದು ಎಂದು ಗಡಿಯಾರ ಹಿಡಿದು ಲೆಕ್ಕ ಹಾಕುವವರು ಮೈದಾನದಲ್ಲಿ ಆಕೆಯೊಬ್ಬರೇ. ಅಧಿಕಾರ ಸಿಕ್ಕ ಮರುದಿನವೇ ಆಕೆ ತನ್ನ ಮಗುವನ್ನು ಹನ್ನೊಂದಕ್ಕೆ ಸೇರಿಸುವುದಿಲ್ಲವೇ? ಸೇರಿಸಲಿ. ಮಗು ಮೈದಾನಕ್ಕಿಳಿದ ಕ್ಷಣಕ್ಕೆ ಅಮ್ಮ ಕುರ್ಚಿಯಿಂದ ಇಳಿಯಬೇಕು. 2011ರ ರಾಷ್ಟ್ರೀಯ ಕ್ರೀಡಾ ಸಂಹಿತೆ ಅಧ್ಯಕ್ಷರಿಗೆ 12 ವರ್ಷ, 70ರ ವಯಸ್ಸು ಎಂದು ಗಡಿ ಹಾಕಿಯೂ ಅವರನ್ನು ಎಬ್ಬಿಸಲು ಕೋರ್ಟಿನವರೆಗೆ ಹೋಗಬೇಕಾಯಿತು. ಇಲ್ಲಿ ಒಂದು ಸಬ್‌ಸ್ಟಿಟ್ಯೂಷನ್ ಸಾಕು.

ಗಟ್ಟಿಯಾದ ಆಕ್ಷೇಪ ಬೇರೊಂದಿದೆ, ಅದನ್ನು ಹಗುರವಾಗಿ ತಳ್ಳಲಾಗದು. ಇಷ್ಟೆಲ್ಲ ತಾಪತ್ರಯ ಯಾಕೆ, ಓಎಂಆರ್ ರಸ್ತೆಯ ಉದ್ದಕ್ಕೂ ಖಾಸಗಿ ಅಕಾಡೆಮಿಗಳಿಲ್ಲವೇ, ಶುಲ್ಕ ಕಟ್ಟಿ ಮಗುವನ್ನು ಬಿಟ್ಟು ಬಂದರಾಯಿತು, ಅಲ್ಲಿ ಅಧ್ಯಕ್ಷರೂ ಇಲ್ಲ ಚುನಾವಣೆಯೂ ಇಲ್ಲ ಎನ್ನುವವರು ದಿನದಿನಕ್ಕೆ ಹೆಚ್ಚುತ್ತಿದ್ದಾರೆ. ಅವರ ಮಾತಿನಲ್ಲಿ ನೆಮ್ಮದಿಯಿದೆ. ಚೆಂಡಿಗೆ ಗಾಳಿ ಇರುತ್ತದೆ, ಕೋಚಿಗೆ ಒಂದನೇ ತಾರೀಖಿಗೆ ಸಂಬಳವಾಗುತ್ತದೆ, ಈಶಾನ್ಯ ಮಾರುತದ ಮಳೆ ಹಿಡಿದರೆ ಸೂರಿನಡಿಯ ಟರ್ಫೂ ಇರುತ್ತದೆ. ಆದರೆ ಅಲ್ಲಿ ರಾಜಕೀಯ ಇಲ್ಲವೆಂದಲ್ಲ. ಪ್ರಜಾಪ್ರಭುತ್ವದ ಜಾಗಕ್ಕೆ ಅರಸೊತ್ತಿಗೆ ಬಂದಿದೆ ಅಷ್ಟೆ. ಮೂರು ತಿಂಗಳ ಶುಲ್ಕ ಒಟ್ಟಿಗೆ ಕಟ್ಟಿದವರ ಮಗ ಬೆಂಚಿನ ಮೇಲೆ ಎಷ್ಟು ಹೊತ್ತು ಕೂರಬಹುದೆಂದು ಮಾಲೀಕರಿಗೆ ಚೆನ್ನಾಗಿ ಗೊತ್ತು. ಗಿರಾಕಿಯ ಕೈಯಲ್ಲಿರುವ ಮತ ಒಂದೇ, ಬಿಟ್ಟುಹೋಗುವುದು. ವ್ಯಾಸರ್ಪಾಡಿಯ ಹುಡುಗ ಆ ಗೇಟಿನೊಳಗೆ ಬಂದರೆ ಕೋಚಾಗಿ ಬರಬಹುದು, ಆಟಗಾರನಾಗಿ ಬರುವುದು ಕಷ್ಟ. ಜಗಳಗಂಟ ಸಂಘದಲ್ಲಿ ಅವನೂ ಮಗುವಾಗಿ ಆಡಬಹುದು, ಹೆಚ್ಚಿನ ಪಾಲು ನಮ್ಮವನಿಗಿಂತ ಚೆನ್ನಾಗಿ. ಆ ಒಂದು ಕಾರಣಕ್ಕೆ ಸಾಮಾನ್ಯ ಸಭೆಯ ಮೂರು ಗಂಟೆಯ ಕೂಗಾಟವನ್ನು ನಾನು ಶುಲ್ಕದ ರಸೀದಿಗಿಂತ ಮೇಲೆಂದು ಎಣಿಸುತ್ತೇನೆ. ಬೋಂಡಾ ಬಿಸಿ ಇದ್ದರೆ ಇನ್ನೂ ಮೇಲು.

ಹೊರಗಿನಿಂದ ಬಂದ ನಮಗ್ಯಾಕೆ ಊರ ಉಸಾಬರಿ ಎನ್ನುವ ಕನ್ನಡದ ಸಂಕೋಚವೂ ಒಂದಿದೆ. 2009ರ ಆಗಸ್ಟಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯ ಬಳಿ ತಿರುವಳ್ಳುವರ್ ಪ್ರತಿಮೆಯ ಮುಸುಕು ತೆಗೆದ ನಾಲ್ಕೇ ದಿನಕ್ಕೆ ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆ ನಿಂತಿತು. ವಳ್ಳುವರ್ 18 ವರ್ಷ ಮುಸುಕಿನೊಳಗೆ ಕಾದಿದ್ದರು. ಊರೂರು ತಿರುಗಿ, ಎಲ್ಲರ ಉಸಾಬರಿಯನ್ನೂ ಮೂರು ಸಾಲಿನಲ್ಲಿ ಮುಗಿಸಿದ ಸರ್ವಜ್ಞನೇ ಐಸಿಎಫ್ ಮೈದಾನದ ಪಕ್ಕದ ಬಡಾವಣೆಗೆ ಬಂದು ನಿಂತಿರುವಾಗ ಕನ್ನಡದ ಖಜಾಂಚಿ ಅಧ್ಯಕ್ಷಗಿರಿಗೆ ಹೆದರಬೇಕಾಗಿಲ್ಲ, ಮಗ ಬೆಂಚಿನ ಮೇಲಿದ್ದರೆ.

ಪ್ರಸ್ತಾವದಲ್ಲಿ ಒಂದು ತೂತು ಉಳಿದಿದೆ. ಪ್ರತಿ ತಂಡದಲ್ಲೂ ಎರಡನೇ ಗೋಲ್‌ಕೀಪರ್ ಎಂಬ ಮಗು ಇರುತ್ತದೆ. ಮೊದಲನೆಯವನಿಗೆ ಜ್ವರ ಬಾರದ ಹೊರತು ಅವನು ಇಡೀ ಋತುವಿನಲ್ಲಿ ಬೆಂಚು ಬಿಟ್ಟು ಏಳುವುದಿಲ್ಲ, ಹದಿಮೂರರಿಂದ ಹದಿನೈದರ ತಂಡಕ್ಕೆ ಹೋದರೂ ಅವನ ಜಾಗ ಅದೇ. ನನ್ನ ಕಲಮಿನ ಪ್ರಕಾರ ಅವನ ಅಪ್ಪ ದಾಸ್‌ಮುನ್ಷಿಯವರ ದಾಖಲೆಗೇ ಕೈಹಾಕಬಹುದು. ಅದನ್ನು ತಡೆಯಲು ಉಪಕಲಮೊಂದು ಬೇಕು, ಅದನ್ನು ಸೇರಿಸಲು ಸಾಮಾನ್ಯ ಸಭೆ ಕರೆಯಬೇಕು, ಸಭೆ ಕರೆಯುವ ಅಧಿಕಾರ ಅಧ್ಯಕ್ಷರಿಗಿದೆ.