ಕೌದಿಯ ಡೊಂಕು

ಟಿಕೋಟಾ ತಾಲ್ಲೂಕಿನ ಘೋಣಸಗಿಯಂಥ ಊರಲ್ಲಿ ಕೌದಿ ಹೊಲಿಯಲು ಕೂತ ಹೆಣ್ಣುಮಗಳ ಮುಂದೆ ಹಳೆ ಸೀರೆ, ಧೋತರ, ಬಣ್ಣ ಹೋದ ಕುಪ್ಪಸ, ಸೂಜಿ, ದಾರ ಎಲ್ಲ ಇರುತ್ತವೆ. ಇಲ್ಲದ್ದು ಅಳತೆಪಟ್ಟಿ ಒಂದೇ. ಇದನ್ನು ಕಂಡ ಕೂಡಲೇ ಓದಿಕೊಂಡ ಜನ ಎರಡು ಬಣವಾಗುತ್ತಾರೆ. ಒಂದು ಬಣಕ್ಕೆ ಇದು ಶುದ್ಧ ಅನಾಡಿತನ. ಇನ್ನೊಂದಕ್ಕೆ ಶುದ್ಧ ಅಧ್ಯಾತ್ಮ. ವಾರೆಯಾದ ಒಂದು ಹೊಲಿಗೆ ಕಂಡರೆ ಸಾಕು, ಬದುಕಿನ ಅಪೂರ್ಣತೆಯ ದರ್ಶನವಾಗಿ ಅವರ ಕಣ್ಣು ತುಂಬುತ್ತದೆ. ಈ ಇಬ್ಬರೂ ಕೌದಿಯನ್ನು ಹೊದ್ದಿದ್ದಾರೆಯೇ ಹೊರತು ತಿರುವಿ ನೋಡಿಲ್ಲ ಎಂಬುದು ನನ್ನ ಗುಮಾನಿ. ನೋಡಿದ್ದರೆ ಕೌದಿಯ ಡೊಂಕಿನಲ್ಲಿ ದಡ್ಡತನವೂ ಇಲ್ಲ, ವೇದಾಂತವೂ ಇಲ್ಲ, ಇರುವುದು ಬರೀ ಲೆಕ್ಕ ಎಂದು ತಿಳಿಯುತ್ತಿತ್ತು.

ಅಮೆರಿಕದ ಕ್ವಿಲ್ಟಿನವರ ಮಡಿಯನ್ನೇ ನೋಡಿ. ಅವರು ಚೌಕಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿಯುತ್ತಾರೆ. ಹೊಲಿಗೆ ಅಂಚಿನಿಂದ ಕಾಲು ಇಂಚು ಒಳಗೇ ಬೀಳಬೇಕು, ಕೂದಲೆಳೆ ಅತ್ತಿತ್ತ ಆಗಬಾರದು. ಅದು ಗೀಳಲ್ಲ. ಹೊಲಿಗೆ ಬರೀ ಒಂದೂವರೆ ಮಿಲಿಮೀಟರು ಒಳಸರಿದರೂ ಎರಡು ಬದಿಯ ತುಂಡು ಸೇರಿ 3 ಮಿಲಿಮೀಟರು ಹೋಯಿತು. 10 ಚೌಕದ ಸಾಲಿಗೆ 9 ಹೊಲಿಗೆ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ 27 ಮಿಲಿಮೀಟರು, ಅಂದರೆ ಒಂದು ಇಂಚಿಗೂ ಮೇಲೆ, ಮಾಯ. ಪಕ್ಕದ ಸಾಲು ನೆಟ್ಟಗೆ ಬಂದಿದ್ದರೆ ಇವೆರಡಕ್ಕೂ ಜನ್ಮದಲ್ಲಿ ಕೂಡಿಬರುವುದಿಲ್ಲ. ತಪ್ಪು ಅಲ್ಲಿ ಸಾಹುಕಾರನ ಸಾಲದಂತೆ ಬೆಳೆಯುತ್ತದೆ. ಕೌದಿಯ ಕಟ್ಟೇ ಬೇರೆ. ಅಡಿಗೆ ಇಡೀ ಸೀರೆ ಹಾಸು, ನಡುವೆ ಹಳೆ ಅರಿವೆಯ ಪದರು, ಮೇಲೆ ತುಂಡುಗಳು. ಪ್ರತಿ ತುಂಡಿನ ಅಂಚನ್ನು ಒಳಮಡಚಿ ಪಕ್ಕದ ತುಂಡಿನ ಮೇಲೆ ಒಂದಿಷ್ಟು ಏರಿಸಿ, ಹೊರ ಅಂಚಿನಿಂದ ಸುತ್ತು ಸುತ್ತಾಗಿ ನಡುವಿನತ್ತ ಹೊಲಿಯುತ್ತ ಬರುವುದು. ತುಂಡು ಸಾಲದೇ ಬಂದರೆ ಅದರ ಪಕ್ಕ ಇನ್ನೊಂದು ತ್ಯಾಪಿ. ತಪ್ಪು ಹುಟ್ಟಿದ ಜಾಗದಲ್ಲೇ ಮುಂದಿನ ತುಂಡಿನಡಿ ಮಣ್ಣಾಗುತ್ತದೆ, ಅದಕ್ಕೆ ಮುಂದಕ್ಕೆ ನಡೆಯಲು ಕಾಲೇ ಇಲ್ಲ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯೂ ಹೀಗೇ ಅಂಚಿನಿಂದ ಒಳಕ್ಕೆ ಬರುತ್ತದೆ. ನಡುವಿನ ಕೊನೆಯ ಕಿಂಡಿಗೆ ಹೊಟ್ಟೆ ಎಂದು ಕರೆದು, ಮುಚ್ಚುವ ಮುಂಚೆ ನಾಲ್ಕು ಅಕ್ಕಿಕಾಳು ಹಾಕುವವರೂ ಅವರಲ್ಲಿದ್ದಾರೆ. ಹೊಟ್ಟೆಗೆ ಅಕ್ಕಿ ಕೇಳುವ ಕೌದಿ ಕೂಡ ಅಳತೆಪಟ್ಟಿ ಕೇಳಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನೆಟ್ಟಗೆ ಹೊಲಿಯಲು ಬಾರದವರ ಸಮರ್ಥನೆ ಇದು ಎಂದು ಯಾರಾದರೂ ಅಂದಾರು. ಅನ್ನುವವರು ಒಂದು ಕಸೂತಿ ಸೀರೆ ತರಿಸಿ ನೋಡಲಿ. ಇದೇ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಹಾಕುವ ಗವಂತಿ ಹೊಲಿಗೆಯಲ್ಲಿ ಗುರುತು ಬರೆದುಕೊಳ್ಳುವಂತಿಲ್ಲ, ಗಂಟು ಕಟ್ಟುವಂತಿಲ್ಲ. ಬಟ್ಟೆಯ ಎಳೆ ಎಣಿಸುತ್ತ ಹೋಗಿ, ಬಿಟ್ಟ ಜಾಗ ತುಂಬುತ್ತ ಹೊರಟಲ್ಲಿಗೇ ಮರಳಬೇಕು. ಮುಂದೂ ಹಿಂದೂ ಒಂದೇ ರೂಪ. ಒಂದು ಎಳೆ ತಪ್ಪಿತೋ ಗೋಪುರದ ಕಳಸ ಗೋಪುರಕ್ಕೆ ಸಿಗುವುದಿಲ್ಲ. ಎಳೆ ಎಣಿಸಬಲ್ಲ ನಾಡಿಗೆ ಇಂಚು ಎಣಿಸಲು ಬರುವುದಿಲ್ಲ ಎಂದರೆ ನಂಬುವವರು ಯಾರು? ಕೌದಿಯಲ್ಲೂ ಕಟ್ಟುನಿಟ್ಟು ಉಂಟು, ಅದು ಬೇರೆ ಕಡೆ ಇದೆ. ಹೊಲಿಗೆ ದೂರದೂರ ಬಿದ್ದರೆ ಕೂಸಿನ ಕಾಲ್ಬೆರಳು ಸಿಕ್ಕಿಕೊಂಡು ನಡುರಾತ್ರಿ ಓಣಿ ಏಳುತ್ತದೆ. ದಾರ ಬಿಗಿಯಾದರೆ ಬಟ್ಟೆ ನೆರಿಗೆ ಕಟ್ಟುತ್ತದೆ. ಸಡಿಲಾದರೆ ಮೊದಲ ಒಗೆತಕ್ಕೇ ಒಳಪದರು ಮುದ್ದೆಯಾಗಿ ಮೂಲೆ ಹಿಡಿಯುತ್ತದೆ. ಅಂಥ ಕೌದಿ ಹೊದ್ದವನಿಗೆ ವಿಜಯಪುರದ ಡಿಸೆಂಬರು ಅರ್ಧ ಮೈಗೆ ಮಾತ್ರ ಮಾಫಿ.

ಇನ್ನು ಅಧ್ಯಾತ್ಮದ ಬಣ. ದೇವರೊಬ್ಬನೇ ಪರಿಪೂರ್ಣ ಎಂದು ಅಮೆರಿಕದ ಆಮಿಶ್ ಹೆಂಗಸರು ಕ್ವಿಲ್ಟಿನಲ್ಲಿ ಬೇಕೆಂದೇ ಒಂದು ತಪ್ಪು ಬಿಡುತ್ತಿದ್ದರು ಎಂಬ ಕಥೆಯನ್ನು ಇವರು ಎತ್ತುತ್ತಾರೆ. ಕ್ವಿಲ್ಟಿನ ಇತಿಹಾಸ ಬಲ್ಲವರೇ ಇದನ್ನು ಕಟ್ಟುಕಥೆಯ ಸಾಲಿಗೆ ಹಾಕಿದ್ದಾರೆ. ನಿಜವೇ ಆಗಿದ್ದರೂ, ಬೇಕೆಂದೇ ಒಂದು ತಪ್ಪು ಮಾಡಬೇಕು ಎಂಬುವವರಿಗೆ ಉಳಿದದ್ದೆಲ್ಲ ತಪ್ಪಿಲ್ಲದೆ ಬಂದಿದೆ ಎಂಬ ಗರ್ವ ಎಷ್ಟಿರಬೇಡ! ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಮಹಿಳೆಯರು ಅಂಚಿಗೆ ಅಂಚು ಹೊಲಿದೂ ಡೊಂಕಾಗಿಯೇ ಹೊಲಿದರು. ಆ ಕ್ವಿಲ್ಟುಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಗೋಡೆ ಏರಿದವು, 2006ರಲ್ಲಿ ಅಂಚೆಚೀಟಿಯಾದವು. ಅಲ್ಲಿ ತಪ್ಪು ಬೆಳೆಯಲಿಲ್ಲವೇ? ಬೆಳೆಯಿತು. ಆದರೆ ಒಂದು ಬದಿ ಕುಗ್ಗಿದರೆ ಅಲ್ಲೊಂದು ಪಟ್ಟಿ ಸೇರಿಸಿ ಅವರು ಮುಂದುವರಿದರು. ಈ ಮೂಲೆ ಆ ಮೂಲೆಗೆ ಕೂಡಲೇಬೇಕೆಂಬ ಹಟವೇ ಇಲ್ಲದ ಕಡೆ ಕೂಡಲಿಲ್ಲ ಎಂಬ ದೂರೂ ಇರುವುದಿಲ್ಲ.

ಹಾಗೆಂದು ಅಳತೆಪಟ್ಟಿಯನ್ನು ಡೋಣಿ ಹೊಳೆಗೆ ಎಸೆಯಿರಿ ಎಂದು ನಾನು ಹೇಳುತ್ತಿಲ್ಲ. ಒಂದನ್ನೊಂದು ಕತ್ತರಿಸಿ ಹಾಯುವ ಎಂಟು ಕಮಾನುಗಳ ಮೇಲೆ ಅಂಥ ಗುಮ್ಮಟ ಕೂರಿಸಿದವರು ಕೌದಿಯ ಲೆಕ್ಕ ಹಿಡಿದಿದ್ದರೆ, ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಇವತ್ತು ಕೇಳುತ್ತಿದ್ದುದು ಪಿಸುಮಾತಲ್ಲ. ನನ್ನ ತಕರಾರು ಇರುವುದು ಕಾರಣವಿಲ್ಲದ ಡೊಂಕಿನ ಮೇಲೆ. ಈಚೆಗೆ ಪೇಟೆಯಲ್ಲಿ ತುಂಡು ಜೋಡಿಸಿದಂತೆ ಕಾಣುವ ಚಿತ್ರ ಅಚ್ಚೊತ್ತಿದ ಹೊದಿಕೆಗಳು ಸಿಗುತ್ತವೆ. ಒಂದೇ ಅಖಂಡ ಬಟ್ಟೆ, ಅದರ ಮೇಲೆ ತ್ಯಾಪಿಯ ಚಿತ್ರ, ಸೂಜಿಯ ಗುರುತೂ ಚಿತ್ರವೇ. ಬಿಡಿಸಿ ಹಾಸಿ ನೋಡಿ: ಎಡತುದಿಯಲ್ಲಿ ವಾರೆಯಾದ ಆ ಮುದ್ದಾದ ಹೊಲಿಗೆ, ಒಂದು ಮೊಳ ದಾಟಿದ ಮೇಲೆ ಅಷ್ಟೇ ವಾರೆಯಾಗಿ, ಅದೇ ಬಣ್ಣದ ಪಕ್ಕ ಮತ್ತೆ ಬರುತ್ತದೆ, ಇನ್ನೊಂದು ಮೊಳಕ್ಕೆ ಇನ್ನೊಮ್ಮೆ. ಡೊಂಕಿನ ನಡುವಿನ ಅಂತರ ಮಾತ್ರ ಮಿಲಿಮೀಟರೂ ತಪ್ಪುವುದಿಲ್ಲ.